ಎಸ್‌ಎಸ್‌ಗೆ ಕನ್ನಡಿ ಹೊಳಪು ಬರದಿದ್ದರೆ: ದೋಷ ಎಲ್ಲಿದೆ ಎಂದು ಹಿಡಿಯುವ ಬಗೆ

ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ಫಳಫಳ ಹೊಳೆದ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗು ಗಿರಾಕಿಯ ಮನೆ ಮುಂದೆ ಬಿಸಿಲಿಗೆ ಬಂದ ಕೂಡಲೇ ಗೀರು, ಮಬ್ಬು, ಅಲೆ ಎಲ್ಲವನ್ನೂ ಹೊರಗೆ ಹಾಕುತ್ತದೆ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯ ಫ್ಯಾಬ್ರಿಕೇಶನ್ ಶೆಡ್ಡುಗಳಿರಲಿ, ಮಂಡ್ಯ ಕಡೆಯ ತೂಬಿನಕೆರೆಯಿರಲಿ, ಆಗ ಮೊದಲು ಮಾಡುವುದು ಒಂದೇ: ಇನ್ನಷ್ಟು ಸೋಪು (ಪಾಲಿಶ್ ಮಾಡುವ ಮೇಣದಂಥ ಕಡ್ಡಿ) ಹಚ್ಚಿ, ಇನ್ನಷ್ಟು ಒತ್ತಿ, ಮತ್ತೆ ಬಫ್ (ಹೊಳಪು ಕೊಡುವ ತಿರುಗುವ ಚಕ್ರ) ಹೊಡೆಯುವುದು. ಅದರಿಂದ ದೋಷ ಹೋಗುವುದಿಲ್ಲ, ದೋಷಕ್ಕೇ ಹೊಳಪು ಬರುತ್ತದೆ.

ಬಟ್ಟೆ ಬಫ್ ಲೋಹವನ್ನು ಕೊರೆಯುವುದು ತೀರಾ ಕಡಿಮೆ. ಆಳದ ಗೀರಿನ ಅಂಚನ್ನು ಅದು ಮೊಂಡು ಮಾಡುತ್ತದೆ, ತಳವನ್ನು ಮುಟ್ಟುವುದಿಲ್ಲ. ಹಾಗಾಗಿ ಕೊನೆಯ ಹಂತದಲ್ಲಿ ಕಣ್ಣಿಗೆ ಬಿದ್ದದ್ದು ಸಾಮಾನ್ಯವಾಗಿ ಎರಡು ಮೂರು ಹಂತ ಹಿಂದೆಯೇ ಆಗಿರುತ್ತದೆ. ಎಷ್ಟು ಹಿಂದೆ ಹೋಗಬೇಕು ಎನ್ನುವುದನ್ನು ದೋಷದ ಆಕಾರ, ದಿಕ್ಕು, ಜಾಗ ಈ ಮೂರೇ ಹೇಳುತ್ತವೆ.

ಮೊದಲು ತೊಳೆದು ನೋಡಿ

ಬಫ್ ಮುಗಿದ ಮೈಮೇಲೆ ಸೋಪಿನ ಕೊಬ್ಬು ತೆಳುವಾಗಿ ಕೂತಿರುತ್ತದೆ. ಅದು ಗೀರನ್ನು ತುಂಬಿ ಮುಚ್ಚಿಬಿಡುತ್ತದೆ, ಕೆಲವೊಮ್ಮೆ ಇಲ್ಲದ ಮಬ್ಬನ್ನೂ ತೋರಿಸುತ್ತದೆ. ಅದನ್ನು ತೆಗೆಯದೆ ಏನನ್ನೂ ತೀರ್ಮಾನಿಸಬೇಡಿ. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ಮೆತ್ತನೆ ಹತ್ತಿ ಬಟ್ಟೆಯಿಂದ ತೊಳೆದು, ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಒಂದು ಸಲ ಆಡಿಸಿ. ಮೂಲೆಯಲ್ಲಿ ಗಟ್ಟಿಯಾಗಿ ಕೂತ ಸೋಪಿಗೆ ಮೊದಲು ಸೀಮೆಎಣ್ಣೆ, ಆಮೇಲೆ ಸೋಪುನೀರು.

ನಂತರ ಶೆಡ್ಡಿನ ದೀಪ ಆರಿಸಿ, ಒಂದೇ ಒಂದು ಎಲ್‌ಇಡಿ ಟಾರ್ಚನ್ನು ಮೈಗೆ ಓರೆಯಾಗಿ ಹಿಡಿದು ನೋಡಿ. ಗೀರುಗಳಿಗೆ ಈ ಬೆಳಕು ಸಾಕು. ಅಲೆಗೆ ಟ್ಯೂಬ್‌ಲೈಟೇ ಬೇಕು: ತಗಡಿನಲ್ಲಿ ಕಾಣುವ ದೀಪದ ಗೆರೆ ನೇರವಾಗಿದ್ದರೆ ಮೈ ಸಮ, ಅಲ್ಲಲ್ಲಿ ಬಳುಕಿದರೆ ಅಲ್ಲಿ ಹೊಂಡವಿದೆ. ದೋಷ ಕಂಡಲ್ಲೆಲ್ಲ ಮಾರ್ಕರ್ ಪೆನ್ನಿನಿಂದ ಸುತ್ತು ಹಾಕಿಕೊಳ್ಳಿ. ಬೆಳಕು ಬದಲಾದರೆ ಅದೇ ಜಾಗ ಮತ್ತೆ ಸಿಗುವುದಿಲ್ಲ.

ಗೀರು

ಬರುವ ತಕರಾರಿನಲ್ಲಿ ದೊಡ್ಡ ಪಾಲು ಇದರದ್ದೇ. ಗೀರುಗಳು ಒಂದೇ ದಿಕ್ಕಿಗೆ, ಒಂದಕ್ಕೊಂದು ಸಮಾಂತರವಾಗಿ, ಇಡೀ ಮೈ ತುಂಬ ಇದ್ದರೆ ನಡುವೆ ಎಮೆರಿಯ (ಉಜ್ಜುವ ಹಾಳೆಯ) ಒಂದು ನಂಬರ್ ಹಾರಿಸಲಾಗಿದೆ (ನಂಬರ್ ಹೆಚ್ಚಿದಷ್ಟೂ ಕಾಳು ನಯ), ಇಲ್ಲವೇ ಒಂದು ನಂಬರನ್ನು ಅರ್ಧಕ್ಕೆ ಬಿಡಲಾಗಿದೆ. ಯಾವ ನಂಬರಿನ ಗೀರು ಎಂದು ಕಂಡುಹಿಡಿಯಲು ಪ್ರತಿ ಶೆಡ್ಡಿನಲ್ಲೂ ಒಂದು ನಮೂನೆ ಪಟ್ಟಿ ಇರಬೇಕು. ಒಂದಡಿ ಉದ್ದದ, 304 ದರ್ಜೆಯ ಎಸ್‌ಎಸ್ ತುಂಡಿನ ಮೇಲೆ ಎರಡೆರಡು ಇಂಚು ಬಿಟ್ಟು 80, 120, 180, 240, 320, 400 ನಂಬರ್ ಹೊಡೆದು, ಪಕ್ಕದಲ್ಲಿ ನಂಬರ್ ಬರೆದಿಡಿ. ಕೆಲಸದ ಮೇಲಿನ ಗೀರನ್ನು ಟಾರ್ಚಿನಲ್ಲಿ ಇದಕ್ಕೆ ಹೋಲಿಸಿದರೆ ಎಲ್ಲಿಗೆ ವಾಪಸ್ ಹೋಗಬೇಕೆಂದು ಊಹೆಯಿಲ್ಲದೆ ತಿಳಿಯುತ್ತದೆ.

ವೆಲ್ಡಿಂಗ್ ಗಂಟನ್ನು 60ರ ಫ್ಲ್ಯಾಪ್ ಡಿಸ್ಕಿನಲ್ಲಿ (ಎಮೆರಿ ಪಟ್ಟಿಗಳನ್ನು ಜೋಡಿಸಿದ ಗ್ರೈಂಡರ್ ಚಕ್ರ) ಇಳಿಸಿದ್ದರೆ 80, 120, 180, 240, 320, 400, 600, ಆಮೇಲೆ ಬಫ್ ಎಂಬ ಸಾಲನ್ನು ಬಿಡಬಾರದು. 120ರಿಂದ 240ಕ್ಕೆ ನೆಗೆಯಬಹುದು, ಆದರೆ 240ರಲ್ಲಿ ಹೆಚ್ಚು ಹೊತ್ತು ಕೂರಬೇಕಾಗುತ್ತದೆ; ಉಳಿಸಿದ ಸಮಯ ಅಲ್ಲೇ ಹೋಗುತ್ತದೆ. 120ರಿಂದ 400ಕ್ಕೆ ನೆಗೆದರೆ ಮಾತ್ರ ಕೆಲಸ ಕೆಟ್ಟಂತೆಯೇ. ವೆಲ್ಡಿಂಗ್ ಇಲ್ಲದ, ಪ್ಲಾಸ್ಟಿಕ್ ಹಾಳೆ ಅಂಟಿಸಿ ಬಂದ 2ಬಿ (ಕಾರ್ಖಾನೆಯಲ್ಲೇ ನಯ ಮಾಡಿದ) ತಗಡಿಗೆ 80 ಮುಟ್ಟಿಸುವುದು ತಪ್ಪು. ಇಲ್ಲದ ಗೀರನ್ನು ಹಾಕಿ ಮತ್ತೆ ತೆಗೆದಂತೆ. ಅದಕ್ಕೆ 320ರಿಂದ ಶುರು ಮಾಡಿದರೆ ಸಾಕು.

ಪ್ರತಿ ನಂಬರಿಗೂ ದಿಕ್ಕು ಬದಲಿಸಿ. 180 ಉದ್ದಕ್ಕೆ ಹೊಡೆದಿದ್ದರೆ 240 ಅಡ್ಡಕ್ಕೆ. ಹೀಗೆ ಮಾಡಿದಾಗ ಮಾತ್ರ ಹಿಂದಿನ ಗೀರು ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಹಿಂದಿನ ಗೀರು ಮಾಯವಾದ ಕ್ಷಣಕ್ಕೆ ನಿಲ್ಲಿಸಬೇಡಿ. ಅದು ಹೋಗಲು ಎಷ್ಟು ಹೊತ್ತು ಬೇಕಾಯಿತೋ ಸುಮಾರು ಅಷ್ಟೇ ಹೊತ್ತು ಮುಂದುವರಿಸಿ. ಒರಟು ಕಾಳು ಗೀರಿನ ಕೆಳಗಿನ ಲೋಹವನ್ನೂ ಹಿಸುಕಿ ಕೆಡಿಸಿರುತ್ತದೆ, ಆ ಪದರ ಹೋಗದಿದ್ದರೆ ಬಫ್‌ನಲ್ಲಿ ಗೀರಿನ ನೆರಳು ಮತ್ತೆ ಏಳುತ್ತದೆ. ಪೈಪಿನಲ್ಲಿ ಅಡ್ಡ ದಿಕ್ಕು ಎಂದರೆ ಸುತ್ತಲೂ. ಒಂದು ನಂಬರ್ ಉದ್ದಕ್ಕೆ, ಮುಂದಿನದು ಬೆಲ್ಟ್ ಸುತ್ತಿ.

ನಂಬರುಗಳ ಈ ಸಾಲು ಪಾಲಿಸಿಯೂ ಗೀರು ಉಳಿದರೆ ಎಮೆರಿ ಹಾಳೆಯ ಹಿಂಬದಿ ನೋಡಿ. ನಂಬರಿಗೆ ಮೊದಲು 'ಪಿ' ಇರುವ ಹಾಳೆಗೂ ಇಲ್ಲದ್ದಕ್ಕೂ ಅಳತೆ ಬೇರೆ. ಪಿ400ರ ಕಾಳು ಸುಮಾರು 35 ಮೈಕ್ರಾನ್. ಅಮೆರಿಕನ್ ಅಳತೆಯ, ಪಿ ಇಲ್ಲದ 400ರ ಕಾಳು ಸುಮಾರು 24 ಮೈಕ್ರಾನ್. ಅಂದರೆ ಪಿ400 ಎನ್ನುವುದು ಆ ಅಳತೆಯ 320ಕ್ಕೆ ಹತ್ತಿರ. ಎರಡನ್ನೂ ಬೆರೆಸಿ ಬಳಸಿದರೆ ಮುಂದಿನ ನಂಬರ್ ಹಾಕಿದ್ದೇವೆ ಎಂದುಕೊಂಡು ಹಿಂದಿನದನ್ನೇ ಹೊಡೆಯುತ್ತಿರುತ್ತೇವೆ.

ಇನ್ನು ಮೈ ಎಲ್ಲ ಚೆನ್ನಾಗಿದ್ದು, ಅಲ್ಲಲ್ಲಿ ಒಂದೊಂದೇ ಆಳದ ಗೀರು ಅಡ್ಡಾದಿಡ್ಡಿ ಹರಿದಿದ್ದರೆ ಅದು ಹಂತದ ತಪ್ಪಲ್ಲ, ಕಸದ್ದು. ಹಿಂದಿನ ನಂಬರಿನ ಒಂದು ಕಾಳು ಮೇಜಿನ ಮೇಲೋ ಪ್ಯಾಡಿನ ಸಂದಿಯಲ್ಲೋ ಉಳಿದುಕೊಂಡು ಬಂದಿದೆ. ಪ್ರತಿ ನಂಬರಿನ ನಂತರ ಕೆಲಸ, ಮೇಜು, ಕೈ ಮೂರನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಹಾಳೆ, ಡಿಸ್ಕುಗಳನ್ನು ನಂಬರ್‌ವಾರು ಬೇರೆ ಬೇರೆ ಡಬ್ಬಿಯಲ್ಲಿಡಿ. ಬಫ್ ಇಡುವ ಜಾಗದಲ್ಲಿ ಗ್ರೈಂಡಿಂಗ್ ಮಾಡಲೇಬಾರದು. ಫ್ಯಾನ್ ಗಾಳಿಗೆ ಹಾರಿದ ಧೂಳು ಬಫ್‌ನ ಮಡಿಕೆಯಲ್ಲಿ ಕೂತರೆ ಆ ಬಫ್ ಮುಂದೆ ಎಲ್ಲ ಕೆಲಸಕ್ಕೂ ಗೀರು ಹಾಕುತ್ತಲೇ ಇರುತ್ತದೆ.

ಮಬ್ಬು

ಬೆರಳಿನಿಂದ ಗಟ್ಟಿಯಾಗಿ ಒಮ್ಮೆ ಒರೆಸಿ. ಜಾಗ ತಿಳಿಯಾದರೆ ಅದು ಸೋಪಿನ ಜಿಡ್ಡು. ತಿಳಿಯಾಗದಿದ್ದರೆ ಲೋಹದ ಮೈಯೇ ಮಬ್ಬಾಗಿದೆ.

ಜಿಡ್ಡಿಗೆ ಕಾರಣ ಸೋಪು ಹೆಚ್ಚಾದದ್ದು. ತಿರುಗುವ ಬಫ್‌ಗೆ ಸೋಪಿನ ಕಡ್ಡಿಯನ್ನು ಎರಡು ಮೂರು ಸೆಕೆಂಡು ಹಗುರವಾಗಿ ತಾಗಿಸಿದರೆ ಸಾಕು. ಒಂದೇ ಸಲ ಮೆತ್ತುವುದಕ್ಕಿಂತ ಸ್ವಲ್ಪ ಸ್ವಲ್ಪವೇ ಪದೇ ಪದೇ ಕೊಡುವುದು ಲೇಸು. ಕೆಲಸದ ಮೇಲೆ ಕಪ್ಪು ಪಟ್ಟೆ ಎಳೆಯುತ್ತಿದ್ದರೆ ಸೋಪು ನಿಲ್ಲಿಸಿ, ಖಾಲಿ ಬಫ್‌ನಲ್ಲೇ ಹಗುರ ಕೈಯಿಂದ ಓಡಿಸಿ. ಬಫ್‌ನ ಮುಖ ಗಟ್ಟಿಯಾಗಿ, ಕಪ್ಪಾಗಿ, ಹೊಳೆಯುತ್ತಿದ್ದರೆ ಅದಕ್ಕೆ ಹಲ್ಲಿನ ರೇಕ್ ಹಿಡಿದು ಮೇಲಿನ ಪದರ ಕೆರೆದು ತೆಗೆಯಬೇಕು, ಹೊಸ ನೂಲು ಹೊರಗೆ ಬರುವವರೆಗೆ.

ಲೋಹವೇ ಮಬ್ಬಾಗಿದ್ದರೆ ಮೂರು ಕಡೆ ನೋಡಬೇಕು. ಒಂದು, ಸೈಸಲ್ ಅಂದರೆ ಕತ್ತಾಳೆ ನಾರಿನ ಬಫ್ ಹಂತವನ್ನು ಬಿಟ್ಟು 400ರಿಂದ ನೇರ ಬಟ್ಟೆ ಬಫ್‌ಗೆ ಹೋಗಿರುವುದು. ಎಸ್‌ಎಸ್‌ಗೆ ಕೊರೆಯುವ ಸೋಪಿನ ಜೊತೆ ಸೈಸಲ್, ಆಮೇಲೆ ಹೊಲಿದ ಹತ್ತಿ ಬಫ್, ಕೊನೆಗೆ ಹೊಲಿಯದ ಲೂಸ್ ಬಫ್, ಇದು ಸರಿಯಾದ ಕ್ರಮ. ಎರಡು, ಸೋಪಿನ ಆಯ್ಕೆ. ಕೊನೆ ಹಂತಕ್ಕೆ ಹಸಿರು, ಅಂದರೆ ಕ್ರೋಮಿಯಂ ಆಕ್ಸೈಡ್, ಇಲ್ಲವೇ ನಯವಾದ ಬಿಳಿ ಅಲ್ಯುಮಿನಾ ಸೋಪು. ಕೆಂಪು ರೂಜ್ ಚಿನ್ನ, ಬೆಳ್ಳಿಗೆ ಸರಿ. ಎಸ್‌ಎಸ್‌ನ ಗಡಸುತನಕ್ಕೆ ಅದು ಏನೂ ಮಾಡುವುದಿಲ್ಲ. ಬಣ್ಣವನ್ನೇ ನಂಬಿ ಕೊಳ್ಳಬೇಡಿ, ತಯಾರಕರು ತಮಗೆ ಬೇಕಾದ ಬಣ್ಣ ಬೆರೆಸುತ್ತಾರೆ. ಎಸ್‌ಎಸ್‌ಗೆ, ಕೊರೆಯಲಿಕ್ಕೋ ಹೊಳಪಿಗೋ ಎಂದು ಕೇಳಿಯೇ ತನ್ನಿ. ಒಂದು ಬಫ್‌ಗೆ ಒಂದೇ ಸೋಪು. ಬಫ್‌ನ ಪಕ್ಕಕ್ಕೆ ಪೆನ್ನಿನಿಂದ ಬರೆದಿಡಿ.

ಮೂರನೆಯದು ವೇಗ. ಇದನ್ನು ಬಹಳ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಎಸ್‌ಎಸ್‌ಗೆ ಬಫ್‌ನ ಅಂಚು ಸೆಕೆಂಡಿಗೆ ಸುಮಾರು 30ರಿಂದ 40 ಮೀಟರ್ ಓಡಬೇಕು. 2800 ಆರ್‌ಪಿಎಂ ಮೋಟಾರಿಗೆ 10 ಇಂಚಿನ ಬಫ್ ಹಾಕಿದರೆ ಸುಮಾರು 37 ಮೀಟರ್, 8 ಇಂಚಿಗೆ ಸುಮಾರು 30. ಅದೇ 8 ಇಂಚಿನ ಬಫ್ ಸವೆದು 6 ಇಂಚಿಗೆ ಇಳಿದರೆ 22 ಮೀಟರೇ ಉಳಿಯುತ್ತದೆ. ಮೋಟಾರ್ ಅದೇ, ಸೋಪು ಅದೇ, ಕೆಲಸಗಾರನೂ ಅವನೇ, ಆದರೂ ಹೊಳಪು ಏಳುವುದಿಲ್ಲ. ಸವೆದ ಬಫ್ ಎಸೆಯಲು ಮನಸ್ಸಿಲ್ಲದಿದ್ದರೆ ಹಿತ್ತಾಳೆ ಕೆಲಸಕ್ಕೆ ಇಟ್ಟುಕೊಳ್ಳಿ. ಒತ್ತಿದಾಗ ಮೋಟಾರಿನ ಸದ್ದು ಇಳಿಯುತ್ತಿದ್ದರೂ ಇದೇ ಕಥೆ: ಮೋಟಾರಿಗೆ ಶಕ್ತಿ ಸಾಲದು, ಬೆಲ್ಟ್ ಜಾರುತ್ತಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ.

ಕೈಯ ಚಲನೆಯೂ ಮುಖ್ಯ. ಬಫ್ ತಿರುಗುವ ದಿಕ್ಕಿಗೆ ಎದುರಾಗಿ ಕೆಲಸವನ್ನು ಎಳೆದರೆ ಕೊರೆತ ಹೆಚ್ಚು. ತಿರುಗುವ ದಿಕ್ಕಿನಲ್ಲೇ ಹಗುರವಾಗಿ ಬಿಟ್ಟರೆ ಹೊಳಪು ಏಳುತ್ತದೆ. ಕೊನೆಯ ಎರಡು ಸುತ್ತು ಯಾವಾಗಲೂ ಎರಡನೆಯ ರೀತಿ.

ಯಾವ ರೀತಿ ಹಿಡಿದರೂ ಕೆಲಸ ಬಫ್‌ನ ನಡುಮಟ್ಟಕ್ಕಿಂತ ಕೆಳಗಿರಬೇಕು, ಬಫ್ ತಗಡಿನ ಅಂಚಿನಿಂದ ಹೊರಕ್ಕೆ ಓಡಬೇಕು, ಅಂಚಿನ ಮೇಲೆ ಒಳಕ್ಕಲ್ಲ. ಒಳಕ್ಕೆ ಓಡಿದರೆ ತಗಡು ಕೈಯಿಂದ ಕಿತ್ತು ಹಾರುತ್ತದೆ. ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಬಟ್ಟೆಯ ಗ್ಲೌಸ್ ಮೂರೂ ಬಫ್ ಮುಂದೆ ನಿಷಿದ್ಧ. ಧೂಳಿನ ಮಾಸ್ಕು, ಕಣ್ಣಿಗೆ ಕನ್ನಡಕ ಕಡ್ಡಾಯ.

ಹಳದಿ, ನೀಲಿ, ಸೊಟ್ಟ

ಎಸ್‌ಎಸ್ ಶಾಖವನ್ನು ಬೇಗ ಹರಿಯಬಿಡುವುದಿಲ್ಲ. ಮೈಲ್ಡ್ ಸ್ಟೀಲಿನ ಶಾಖವಾಹಕತೆಯ ಮೂರನೇ ಒಂದು ಭಾಗದಷ್ಟೇ 304ರದ್ದು, ಆದರೆ ಕಾದಾಗ ಹಿಗ್ಗುವುದು ಅದಕ್ಕಿಂತ ಸುಮಾರು ಒಂದೂವರೆ ಪಟ್ಟು. ಹಾಗಾಗಿ ಒಂದೇ ಕಡೆ ನಿಂತು ಒತ್ತಿದರೆ ಅಲ್ಲೇ ಕಾದು, ಸುಮಾರು 300 ಡಿಗ್ರಿ ಆಚೆ ಹೋದಾಗ ಹುಲ್ಲಿನ ಹಳದಿ, ಇನ್ನೂ ಮೇಲೆ ಹೋದರೆ ಕಂದು, ನೇರಳೆ, ನೀಲಿ ಬಣ್ಣ ಏಳುತ್ತದೆ. 1 ಮಿ.ಮೀ. ತಗಡಾದರೆ ಬಣ್ಣಕ್ಕಿಂತ ಮೊದಲೇ ಸೊಟ್ಟಗಾಗುತ್ತದೆ, ಮತ್ತೆ ಸಮ ಮಾಡುವುದು ಕಷ್ಟ.

ಇದಕ್ಕೆ ಮುಖ್ಯ ಅಪರಾಧಿ 4 ಇಂಚಿನ ಸಾಧಾರಣ ಗ್ರೈಂಡರ್. 11,000 ಆರ್‌ಪಿಎಂನಲ್ಲಿ ಅದರ ಡಿಸ್ಕಿನ ಅಂಚು ಸೆಕೆಂಡಿಗೆ 57 ಮೀಟರ್ ದಾಟುತ್ತದೆ. ಎಮೆರಿ ಹಂತಗಳಿಗೆ 15ರಿಂದ 25 ಮೀಟರ್ ಸಾಕು. 5 ಇಂಚಿನ ಡಿಸ್ಕಿಗೆ ಇದು ಹೆಚ್ಚುಕಡಿಮೆ 3000 ಆರ್‌ಪಿಎಂ. ವೇಗ ಇಳಿಸುವ ಗುಂಡಿಯಿರುವ ಮಷಿನ್ ಇಲ್ಲದೆ ಕನ್ನಡಿ ಹೊಳಪಿನ ಕೆಲಸ ಒಪ್ಪಿಕೊಳ್ಳದಿರುವುದೇ ಮೇಲು.

ಬಣ್ಣ ಬಂದ ಜಾಗವನ್ನು ಬಫ್‌ನಿಂದ ಬೆಳ್ಳಗೆ ಮಾಡಿ ಸುಮ್ಮನಾಗಬೇಡಿ. ಗಾಢ ಬಣ್ಣ ಬಂದಲ್ಲಿ ಆ ಪದರದ ಕೆಳಗೆ ಕ್ರೋಮಿಯಂ ಕಡಿಮೆಯಾಗಿರುತ್ತದೆ, ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. 320ಕ್ಕೆ ವಾಪಸ್ ಹೋಗಿ ಪದರ ತೆಗೆದು ಬನ್ನಿ. ವೆಲ್ಡಿಂಗ್ ಕಲೆಗೆ ಹಚ್ಚುವ ಪಿಕ್ಲಿಂಗ್ ಪೇಸ್ಟನ್ನು ಪಾಲಿಶ್ ಆದ ಮೈಗೆ ಹಚ್ಚಿದರೆ ಮೈ ಸುಟ್ಟು ಮಂಕಾಗುತ್ತದೆ. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುವುದರಿಂದ ಕೈಗೂ ಅಪಾಯ.

ಬಾಲದ ಚುಕ್ಕೆ, ಕಿತ್ತಳೆ ಸಿಪ್ಪೆ

ಚಿಕ್ಕ ಚುಕ್ಕೆ, ಅದಕ್ಕೆ ಒಂದೇ ಕಡೆಗೆ ಎಳೆದ ಬಾಲ. ಟಾರ್ಚಿನಲ್ಲಿ ಚೆನ್ನಾಗಿ ಕಾಣುತ್ತದೆ. ಲೋಹದೊಳಗೆ ಒಂದು ಗಟ್ಟಿ ಕಣವೋ ಸಣ್ಣ ಗುಳಿಯೋ ಇದೆ, ಬಫ್ ಒಂದೇ ದಿಕ್ಕಿನಲ್ಲಿ ಬಹಳ ಹೊತ್ತು ಓಡಿ ಅದರ ಹಿಂದೆ ಕಾಲುವೆ ಕೊರೆದಿದೆ. ದಿಕ್ಕು ಬದಲಿಸುತ್ತ, ಒತ್ತಡ ಇಳಿಸಿ, ಬಫ್ ಸಮಯ ಕಡಿಮೆ ಮಾಡಿದರೆ ಬಾಲ ಕುಗ್ಗುತ್ತದೆ. ಇಡೀ ತಗಡಿನಲ್ಲಿ ಇದೇ ಕಂಡರೆ ಮಾಲನ್ನೇ ಸಂಶಯಿಸಿ. ಟೈಟಾನಿಯಂ ಬೆರೆತ 321 ದರ್ಜೆಯಲ್ಲಿ ಗಟ್ಟಿ ಟೈಟಾನಿಯಂ ಕಣಗಳು ಇದ್ದೇ ಇರುತ್ತವೆ, ಅದಕ್ಕೆ ನಿಜವಾದ ಕನ್ನಡಿ ಹೊಳಪು ಬರುವುದಿಲ್ಲ. ಗುಜರಿಯಿಂದ ತಂದ ತುಂಡುಗಳಲ್ಲಿ ಇದು ಸೇರಿಕೊಂಡಿರುವುದುಂಟು.

ಕಿತ್ತಳೆ ಸಿಪ್ಪೆಯಂಥ ತರಿಗೆ ಎರಡು ಕಾರಣ. ಒತ್ತಿ ಎಳೆದು ಮಾಡಿದ ಪಾತ್ರೆ, ಗುಮ್ಮಟದಂಥ ಆಕಾರಗಳಲ್ಲಿ ಲೋಹ ಹಿಗ್ಗಿದಾಗ ಅದರದೇ ಹರಳುಗಳು ಮೇಲೆದ್ದಿರುತ್ತವೆ. ಅವನ್ನು 240ರಿಂದ ಗಟ್ಟಿ ಪ್ಯಾಡಿನಲ್ಲಿ ಸಮ ಮಾಡಿಕೊಂಡು ಬರಬೇಕು. ಆಕಾರ ಸಾದಾ ಇದ್ದೂ ತರಿ ಬಂದಿದ್ದರೆ ಮೆತ್ತನೆ ಬಫ್‌ನಲ್ಲಿ ಮಿತಿಮೀರಿ ಒತ್ತಿದ್ದೀರಿ. ಅಲೆಯೂ ಇದರ ಅಣ್ಣತಮ್ಮನೇ: ಮೆತ್ತನೆ ಫೋಮ್ ಪ್ಯಾಡ್ ಹೊಂಡದೊಳಗೂ ಇಳಿದು ಅದನ್ನೂ ಹೊಳೆಸುತ್ತದೆ. 320ರವರೆಗೆ ಗಟ್ಟಿ ಪ್ಯಾಡ್ ಬಿಡಬೇಡಿ.

ವೆಲ್ಡಿಂಗ್ ಜಾಗ

ಕನ್ನಡಿಯಾದ ಮೇಲೆ ವೆಲ್ಡಿಂಗ್ ಗೆರೆಯಲ್ಲಿ ಸೂಜಿತೂತು ಕಾಣಿಸಿದರೆ ಬಫ್ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ತೂತು ವೆಲ್ಡಿಂಗ್‌ನಲ್ಲೇ ಆದದ್ದು. ಮೇಲಿನ ಲೋಹ ತೆಗೆದಾಗ ಬಾಯಿ ಬಿಟ್ಟಿದೆ. ಸೋಪು ತುಂಬಿಕೊಂಡು ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಆಮೇಲೆ ಅಲ್ಲಿಂದಲೇ ತುಕ್ಕಿನ ನೀರು ಇಳಿಯುತ್ತದೆ. ಟಿಗ್‌ನಲ್ಲಿ (ಆರ್ಗಾನ್ ಅನಿಲದ ವೆಲ್ಡಿಂಗ್) ಮತ್ತೆ ತುಂಬಲೇಬೇಕು. 304ಕ್ಕೆ 308ಎಲ್ ಕಡ್ಡಿ, 316ಕ್ಕೆ 316ಎಲ್. ಆರ್ಗಾನ್ ನಿಮಿಷಕ್ಕೆ 8ರಿಂದ 12 ಲೀಟರ್ ಹರಿಯಲಿ, ಪಕ್ಕದ ಫ್ಯಾನ್ ಆರಿಸಿ, ಜಾಗದಲ್ಲಿ ಸೋಪಿನ ಜಿಡ್ಡು ಒಂದು ಚೂರೂ ಉಳಿಯದಂತೆ ಮೊದಲೇ ಸ್ಪಿರಿಟ್‌ನಲ್ಲಿ ಒರೆಸಿ. ಜಿಡ್ಡಿನ ಮೇಲೆ ವೆಲ್ಡ್ ಮಾಡಿದರೆ ಹೊಸ ತೂತುಗಳು ಏಳುತ್ತವೆ.

ತುಂಬಿದ ಗಂಟನ್ನು ಇಳಿಸುವಾಗ ಗಂಟಿನ ಮೇಲಷ್ಟೇ ಡಿಸ್ಕ್ ಇರಲಿ. ಆಮೇಲೆ 120 ಚಿಕ್ಕ ಸುತ್ತಿಗೆ, 240 ಅದಕ್ಕಿಂತ ಎರಡು ಬೆರಳು ಅಗಲಕ್ಕೆ, 400 ಇನ್ನೂ ಅಗಲಕ್ಕೆ, ಹೀಗೆ ಹರಡುತ್ತ ಹೋಗಿ. ಒಂದೇ ಅಳತೆಯ ಸುತ್ತಿನಲ್ಲೇ ಎಲ್ಲ ನಂಬರ್ ಹೊಡೆದರೆ ತಟ್ಟೆಯಂಥ ಹೊಂಡ ಬೀಳುತ್ತದೆ, ಟ್ಯೂಬ್‌ಲೈಟ್ ಗೆರೆ ಅಲ್ಲಿ ಬಾಗಿ ಚಾಡಿ ಹೇಳುತ್ತದೆ.

ವಾರದೊಳಗೆ ಕಂದು ಚುಕ್ಕೆ

'ಎಸ್‌ಎಸ್‌ಗೂ ತುಕ್ಕು ಹಿಡಿಯಿತು' ಎಂದು ಗಿರಾಕಿ ಫೋನ್ ಮಾಡಿದಾಗ ಮೊದಲು ಚುಕ್ಕೆಗಳ ಹರವು ಕೇಳಿ. ಮೈ ತುಂಬ ಸಣ್ಣಗೆ ಚೆಲ್ಲಿದಂತಿದ್ದರೆ ಅದು ಕಬ್ಬಿಣದ ಧೂಳು. ಅದೇ ಶೆಡ್ಡಿನಲ್ಲಿ ಪಕ್ಕದಲ್ಲೇ ಎಂಎಸ್ (ಮೈಲ್ಡ್ ಸ್ಟೀಲ್) ಗೇಟು ಕತ್ತರಿಸಿದ್ದಾರೆ, ಎಂಎಸ್‌ಗೆ ಬಳಸಿದ ಡಿಸ್ಕನ್ನೇ ಎಸ್‌ಎಸ್‌ಗೆ ಹಾಕಿದ್ದಾರೆ, ಅಥವಾ ಕಬ್ಬಿಣದ ತಂತಿ ಬ್ರಷ್ಷು ಓಡಿದೆ. ಎಸ್‌ಎಸ್‌ನ ಡಿಸ್ಕು, ಬ್ರಷ್ಷು, ಬಫ್ ಪ್ರತ್ಯೇಕವಾಗಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಸಂಶಯ ತೀರಲು ಮೈಲುತುತ್ತದ ಪರೀಕ್ಷೆ ಮಾಡಬಹುದು. 250 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 1 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ನಿಧಾನ ಬೆರೆಸಿ (ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ), 4 ಗ್ರಾಂ ಮೈಲುತುತ್ತ ಕರಗಿಸಿ. ತೊಳೆದ ಮೈಮೇಲೆ ಹಚ್ಚಿ 6 ನಿಮಿಷ ಒದ್ದೆಯಾಗಿಡಿ. ತಾಮ್ರದ ಕೆಂಪು ಕೂತ ಕಡೆಯಲ್ಲೆಲ್ಲ ಕಬ್ಬಿಣವಿದೆ. ಅಡುಗೆ ಪಾತ್ರೆ, ಹೋಟೆಲ್ ಮೇಜುಗಳ ಮೇಲೆ ಇದನ್ನು ಮಾಡಕೂಡದು. ಅಲ್ಲಿ ಬರೀ ನೀರು ಹಾಕಿ, ಒಣಗಿಸಿ, ಒಂದು ದಿನ ಬಿಟ್ಟು ನೋಡಿದರೂ ತಿಳಿಯುತ್ತದೆ.

ಪರಿಹಾರ ಸಿಟ್ರಿಕ್ ಆಮ್ಲ, ದಿನಸಿ ಅಂಗಡಿಯ ನಿಂಬೆ ಉಪ್ಪು. ಕಂದು ಚುಕ್ಕೆಯನ್ನು ಮೊದಲು ಬಫ್‌ನಲ್ಲಿ ತೆಗೆದು, ಜಿಡ್ಡು ತೊಳೆದು, ಲೀಟರ್ ನೀರಿಗೆ 60 ಗ್ರಾಂ ಲೆಕ್ಕದಲ್ಲಿ ಕರಗಿಸಿದ ನೀರಿನಲ್ಲಿ ಹತ್ತಿ ಬಟ್ಟೆ ಅದ್ದಿ ಮೈಗೆ ಹೊದಿಸಿ. ನಮ್ಮ ಹವೆಯಲ್ಲಿ 20 ನಿಮಿಷಕ್ಕೆ ಕಡಿಮೆ ಬೇಡ, ಬಟ್ಟೆ ಒಣಗಬಾರದು. ಚೆನ್ನಾಗಿ ತೊಳೆದು ಒರೆಸಿ. ಹೊಸ ಕೆಲಸಕ್ಕೂ ಇದನ್ನು ಕೊನೆಯ ಹಂತವಾಗಿ ಸೇರಿಸಿಕೊಂಡರೆ ಅರ್ಧ ತಕರಾರು ಬರುವುದೇ ಇಲ್ಲ.

ಚುಕ್ಕೆಗಳು ರೇಲಿಂಗಿನ ಬುಡದಲ್ಲಿ, ನೆಲದ ಹತ್ತಿರ ಮಾತ್ರ ಇದ್ದರೆ ಪಾಲಿಶ್ ಮಾಡಿದವರದ್ದು ತಪ್ಪಿಲ್ಲ. ಹೊಸ ಮನೆಯಲ್ಲಿ ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಸುರಿದಿರುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ತಾಗಬೇಕೆಂದೇ ಇಲ್ಲ, ಮುಚ್ಚಿದ ಮನೆಯಲ್ಲಿ ಅದರ ಹೊಗೆಯೇ ಎಸ್‌ಎಸ್‌ಗೆ ಕಂದು ಬಣ್ಣ ಹಿಡಿಸುತ್ತದೆ. ಟೈಲ್ಸ್ ತೊಳೆದು ಮುಗಿದ ಮೇಲೆಯೇ ರೇಲಿಂಗ್ ಕೂರಿಸುವುದಾಗಿ ಮೊದಲೇ ಮಾತಾಡಿಕೊಳ್ಳಿ.

ಎಲ್ಲ ಸರಿಯಿದ್ದೂ ಮೈಯೆಲ್ಲ ಕಂದಾಗುತ್ತಿದ್ದರೆ ಮಾಲು 304 ಅಲ್ಲದೆ 202 ದರ್ಜೆಯದ್ದಿರಬಹುದು. 304ರಲ್ಲಿ ನಿಕಲ್ ಶೇ. 8ಕ್ಕೆ ಕಡಿಮೆಯಿಲ್ಲ, 202ರಲ್ಲಿ ಶೇ. 4ರಿಂದ 6, ಉಳಿದದ್ದನ್ನು ಮ್ಯಾಂಗನೀಸ್ ತುಂಬುತ್ತದೆ. ಆಯಸ್ಕಾಂತ ಇಲ್ಲಿ ನೆರವಿಗೆ ಬರುವುದಿಲ್ಲ, ಎರಡೂ ಅಂಟುವುದಿಲ್ಲ. ಮಡಿಸಿದ ಕಡೆ 304 ಕೂಡ ಸ್ವಲ್ಪ ಎಳೆಯುತ್ತದೆ. ಬ್ಯಾಟರಿ ತಾಗಿಸಿ ನೋಡುವ ಪರೀಕ್ಷಾ ದ್ರವ ಸಿಗುತ್ತದೆ, ಮ್ಯಾಂಗನೀಸ್ ಹೆಚ್ಚಿದ್ದರೆ ಕೆಂಪಾಗುತ್ತದೆ. ಪೈಪು ಇಳಿಸಿಕೊಳ್ಳುವಾಗಲೇ ಒಂದು ಹನಿ ಹಾಕಿ ನೋಡಿ. ಪಾಲಿಶ್ ಆದ ಹೊಸದರಲ್ಲಿ 202 ಕೂಡ 304ರಷ್ಟೇ ಹೊಳೆಯುತ್ತದೆ.

ತೊಳೆದ ಮೇಲೆ ಬರುವ ಬಿಳಿ ಕಲೆ

ಇದು ದೋಷವಲ್ಲ, ನೀರಿನದ್ದು. ಬೋರ್‌ವೆಲ್ ನೀರು ಗಡಸಾಗಿರುವ ಕಡೆ ಹನಿ ಒಣಗಿದ ಜಾಗದಲ್ಲಿ ಸುಣ್ಣದ ಉಂಗುರ ಉಳಿಯುತ್ತದೆ. ವಿನೆಗರ್‌ನಲ್ಲಿ ಒರೆಸಿ ತೊಳೆದರೆ ಹೋಗುತ್ತದೆ. ಕೊನೆಯ ತೊಳೆತಕ್ಕೆ ಆರ್‌ಒ ನೀರು ಬಳಸಿ, ಕೂಡಲೇ ಬಟ್ಟೆಯಲ್ಲಿ ಒರೆಸಿದರೆ ಬರುವುದೇ ಇಲ್ಲ. ದಸರೆಯ ಹೊತ್ತಿಗೆ ಇನ್ನೊಂದು ತಕರಾರು ಬರುತ್ತದೆ: ಆಯುಧಪೂಜೆಗೆ ಹಚ್ಚಿದ ವಿಭೂತಿ, ಕುಂಕುಮವನ್ನು ಮಾರನೇ ದಿನ ಒಣ ಬಟ್ಟೆಯಿಂದ ಉಜ್ಜಿ ತೆಗೆದು ಕೂದಲೆಳೆಯ ಗೀರು ಮಾಡಿಕೊಂಡಿರುತ್ತಾರೆ. ನೀರು ಸುರಿದು ತೊಳೆದರೆ ಸಾಕಿತ್ತು. ಈ ಗೀರು ಮೇಲ್ಮೈಯದ್ದು, ಹಸಿರು ಸೋಪಿನ ಲೂಸ್ ಬಫ್ ಒಂದಕ್ಕೇ ಹೋಗುತ್ತದೆ.

ದಿನವೂ ನೂರಾರು ಕೈ ತಾಗುವ ದೇವಸ್ಥಾನದ ಸರತಿ ಕಂಬಿ, ಪಾತ್ರೆ ಎಳೆದಾಡುವ ಹೋಟೆಲ್ ಅಡುಗೆ ಮೇಜು, ಕಬ್ಬಿನ ಹಾಲಿನ ಗಾಡಿ, ಇಂಥವಕ್ಕೆ ಗಿರಾಕಿ ಕನ್ನಡಿ ಹೊಳಪು ಕೇಳಿದರೂ 180ರ ಒಂದೇ ದಿಕ್ಕಿನ ಹೇರ್‌ಲೈನ್ (ಕೂದಲೆಳೆ ಗೆರೆಗಳ ಫಿನಿಶ್) ತೋರಿಸಿ ಒಪ್ಪಿಸಿ. ಗೀರು ಬಿದ್ದರೆ ಅದೇ ದಿಕ್ಕಿಗೆ ಸ್ಕಾಚ್‌ಬ್ರೈಟ್ ಎಳೆದು ಜಾಗದಲ್ಲೇ ಸರಿ ಮಾಡಬಹುದು, ಕಂಬಿ ಬಿಚ್ಚಿ ಶೆಡ್ಡಿಗೆ ತರಬೇಕಾಗುವುದಿಲ್ಲ.